ಕುಡಿತದ ಸುಳಿವು ಕೊಡುವ ಪ್ರೋಟೀನ್

ವೈಟ್‌ಫೀಲ್ಡಿನ ಹೋಪ್ ಫಾರ್ಮ್ ವೃತ್ತದಿಂದ ಐ.ಟಿ.ಪಿ.ಎಲ್. ಕಡೆಗೆ ಹೊರಟರೆ ದಾರಿಯುದ್ದಕ್ಕೂ ರಕ್ತಪರೀಕ್ಷಾ ಕೇಂದ್ರಗಳ ಫಲಕಗಳು ಕಾಣುತ್ತವೆ. ಕಂಪನಿ, ಕಾರ್ಖಾನೆಗಳಿಗೆ ಹೊಸದಾಗಿ ಸೇರುವವರು, ವಿಮೆ ಮಾಡಿಸುವವರು, ವರ್ಷಕ್ಕೊಮ್ಮೆ ತಪಾಸಣೆಗೆ ಬರುವವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ಸಾಲಿನಲ್ಲಿ ಕುಳಿತಿರುತ್ತಾರೆ. ಸಂಜೆ ಕೈಗೆ ಸಿಗುವ ವರದಿಯ ಯಕೃತ್ತಿನ ಭಾಗದಲ್ಲಿ ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ., ಜಿ.ಜಿ.ಟಿ. ಎಂಬ ಸಾಲುಗಳನ್ನು ನೀವೂ ನೋಡಿರಬಹುದು. ಇವುಗಳಲ್ಲಿ ಕೊನೆಯದರ ಮುಂದೆ ದಪ್ಪಕ್ಷರದಲ್ಲಿ 'ಹೆಚ್ಚು' ಎಂದು ಅಚ್ಚಾಗಿದ್ದರೆ ವೈದ್ಯರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಕುಡೀತೀರಾ?"

ರಕ್ತದ ಒಂದು ಪ್ರೋಟೀನಿಗೂ ಈ ಪ್ರಶ್ನೆಗೂ ಸಂಬಂಧ ಹೇಗೆ ಬಂತು? ರಕ್ತವನ್ನು ನೋಡಿ ಮನುಷ್ಯ ಅತಿಯಾಗಿ ಕುಡಿಯುತ್ತಾನೆಂದು ಹೇಳಲು ನಿಜವಾಗಿ ಸಾಧ್ಯವೆ? ಈ ಕಥೆಯಲ್ಲಿ ವೈದ್ಯಶಾಸ್ತ್ರದಷ್ಟೇ ಭೌತವಿಜ್ಞಾನವೂ ಇದೆ. ಆದ್ದರಿಂದ ಭೌತವಿಜ್ಞಾನದ ಮೇಷ್ಟ್ರೊಬ್ಬ ಇದನ್ನು ಹೇಳಹೊರಟರೆ ನೀವು ಆಕ್ಷೇಪಿಸಲಾರಿರಿ ಎಂದುಕೊಂಡಿದ್ದೇನೆ.

ಮೊದಲು ಸಮಸ್ಯೆಯನ್ನು ಸರಿಯಾಗಿ ಗುರುತಿಸೋಣ. ಈಗ ತಾನೆ ಕುಡಿದವರನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಿಡ್‌ಮಾರ್ಕ್ ರಕ್ತದ ಹನಿಯೊಂದರಲ್ಲಿ ಮದ್ಯಸಾರವನ್ನು ಅಳೆಯುವ ವಿಧಾನವನ್ನು 1920ರ ದಶಕದಲ್ಲಿಯೇ ರೂಪಿಸಿದ. 1954ರಲ್ಲಿ ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೀನ್ ಉಸಿರಿನಿಂದಲೇ ಅದನ್ನು ಅಳೆಯುವ ಉಪಕರಣ ಮಾಡಿದ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮು 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಎಂಬ ಮಿತಿ ಹಾಕಿರುವುದೂ ಈ ಅಳತೆಯನ್ನು ನಂಬಿಯೇ. ಆದರೆ ವಿಡ್‌ಮಾರ್ಕ್ ಇನ್ನೊಂದು ಸಂಗತಿಯನ್ನೂ ಕಂಡಿದ್ದ. ರಕ್ತದಲ್ಲಿನ ಮದ್ಯಸಾರ ವಿಕಿರಣಪಟು ವಸ್ತುವಿನಂತೆ ಅರ್ಧ, ಕಾಲು, ಅರೆಕಾಲು ಎಂದು ಇಳಿಯುವುದಿಲ್ಲ. ಬಹುಮಟ್ಟಿಗೆ ಸರಳರೇಖೆಯಲ್ಲಿ, ಗಂಟೆಗೆ 100 ಮಿ.ಲೀ.ಗೆ ಸುಮಾರು 15 ಮಿ.ಗ್ರಾಂ.ನಂತೆ ಇಳಿಯುತ್ತದೆ. ಯಕೃತ್ತಿನ ಕಿಣ್ವ ತನ್ನ ಪೂರ್ಣ ವೇಗದಲ್ಲಿ ಕೆಲಸ ಮಾಡುತ್ತಿರುವುದೇ ಇದಕ್ಕೆ ಕಾರಣ. ರಾತ್ರಿ 11ಕ್ಕೆ 100 ಮಿ.ಗ್ರಾಂ. ಇದ್ದವರ ರಕ್ತದಲ್ಲಿ ಬೆಳಿಗ್ಗೆ 6ರ ಹೊತ್ತಿಗೆ ಹೆಚ್ಚುಕಡಿಮೆ ಏನೂ ಉಳಿದಿರದು. ಇಪ್ಪತ್ತು ವರ್ಷಗಳಿಂದ ದಿನವೂ ಕುಡಿಯುವವರೂ, ಜೀವಮಾನದಲ್ಲಿ ಮುಟ್ಟದವರೂ ಮರುದಿನ ಮಧ್ಯಾಹ್ನ ಉಸಿರಿನ ಪರೀಕ್ಷೆಗೆ ಒಂದೇ ಸಮ.

ಉಳಿದ ದಾರಿ ಎಂದರೆ ಕೇಳುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ಮದ್ಯವ್ಯಸನದ ಚಿಕಿತ್ಸೆಗೆಂದು ದಾಖಲಾಗಿದ್ದ 113 ಜನರನ್ನು ಕೇಳಿ, ಕುಡಿತದ ಸಾಮಾಜಿಕ ವೆಚ್ಚ ಎಷ್ಟೆಂಬ ಅಧ್ಯಯನವನ್ನು 2000ದಲ್ಲಿ ಪ್ರಕಟಿಸಿದರು. ಅವರ ಸರಾಸರಿ ಗಳಿಕೆ ತಿಂಗಳಿಗೆ ಸುಮಾರು 1660 ರೂಪಾಯಿ. ಕುಡಿತಕ್ಕೆ ಮಾಡುತ್ತಿದ್ದ ಖರ್ಚು 1900 ರೂಪಾಯಿಗೂ ಮೇಲೆ. ಗಳಿಕೆಗಿಂತ ಖರ್ಚು ಹೆಚ್ಚು! ವ್ಯತ್ಯಾಸವನ್ನು ತುಂಬುತ್ತಿದ್ದವರು ಯಾರೆಂದು ನೀವು ಊಹಿಸಬಹುದು. 2006ರಲ್ಲಿ ಇದೇ ಸಂಸ್ಥೆಯ ಜಿ. ಗುರುರಾಜ್, ಎನ್. ಗಿರೀಶ್ ಮತ್ತು ಬೆನೆಗಲ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬೆಂಗಳೂರು ಮತ್ತು ಸುತ್ತಣ ಪ್ರದೇಶದಲ್ಲಿ ಇನ್ನೂ ದೊಡ್ಡ ಅಧ್ಯಯನ ನಡೆಸಿ ವರದಿ ಕೊಟ್ಟರು. ಇಂತಹ ಕೆಲಸಗಳ ಆಧಾರ ಪ್ರಶ್ನೋತ್ತರ. ಚಿಕಿತ್ಸೆಗೆಂದು ಬಂದವರು ನಿಜ ಹೇಳುತ್ತಾರೆ. ಆದರೆ ಕೆಲಸ ಹೋದೀತು, ಹೆಂಡತಿಮಕ್ಕಳಿಗೆ ತಿಳಿದೀತು ಎಂದು ಅಂಜುವವರು? ಇನ್ನೂ ಯಕೃತ್ತು ಕೆಡದ, ಕಾಲು ನಡುಗದ, ಈಗಲೇ ಗೊತ್ತಾದರೆ ಹಿಂತಿರುಗಬಹುದಾದ ಹಂತದಲ್ಲಿರುವವರೇ ಹೀಗೆ ಮುಚ್ಚಿಡುವವರು. ಆದ್ದರಿಂದಲೇ ವಾರಗಟ್ಟಲೆ ನಡೆದ ಕುಡಿತದ ನೆನಪನ್ನು ಇಟ್ಟುಕೊಂಡಿರುವ ವಸ್ತುವೊಂದು ರಕ್ತದಲ್ಲಿ ಇದೆಯೆ ಎಂಬ ಹುಡುಕಾಟ ಆರಂಭವಾಯಿತು.

ಮೊದಲು ಸಿಕ್ಕಿದ್ದು ನಮ್ಮ ವರದಿಯ ಜಿ.ಜಿ.ಟಿ., ಅಂದರೆ ಗಾಮಾ ಗ್ಲುಟಮೈಲ್ ಟ್ರಾನ್ಸ್‌ಫೆರೇಸ್ ಎಂಬ ಕಿಣ್ವ. ಲಂಡನ್ನಿನ ರೋಸಾಲ್ಕಿ ಮತ್ತು ರಾವ್ 1972ರಲ್ಲಿ ಅತಿಯಾಗಿ ಕುಡಿಯುವವರ ಸೀರಮ್ಮಿನಲ್ಲಿ ಇದು ಹೆಚ್ಚಿರುವುದನ್ನು ವರದಿ ಮಾಡಿದರು. ಪರೀಕ್ಷೆ ಸುಲಭ, ಅಗ್ಗ. ಇಂದಿಗೂ ಎಲ್ಲೆಲ್ಲೂ ಬಳಕೆಯಲ್ಲಿದೆ. ವಿನೋದವೆಂದರೆ, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂತಹ ಔಷಧಿಗಳು ಸಹ ಇದೇ ಕಿಣ್ವವನ್ನು ಹೆಚ್ಚಿಸುತ್ತವೆ ಎಂದು ಹಿಂದಿನ ವರ್ಷವೇ, 1971ರಲ್ಲಿ, ಪ್ರಕಟಿಸಿದವರೂ ಇದೇ ಗುಂಪಿನವರು. ಬೊಜ್ಜಿನಿಂದ ಯಕೃತ್ತಿನಲ್ಲಿ ಕೊಬ್ಬು ತುಂಬಿದರೂ, ಪಿತ್ತನಾಳ ಕಟ್ಟಿಕೊಂಡರೂ ಜಿ.ಜಿ.ಟಿ. ಏರುತ್ತದೆ. ಎಂದರೆ ಅದು ಯಕೃತ್ತಿಗೆ ತೊಂದರೆಯಾಗಿದೆ ಎನ್ನುತ್ತದೆ. ತೊಂದರೆ ಕೊಟ್ಟವರು ಯಾರೆಂದು ಹೇಳುವುದಿಲ್ಲ. ನನಗೆ ಪರಿಚಯದ ಉಗ್ರಾಣ ಗುಮಾಸ್ತರೊಬ್ಬರು ಚಿಕ್ಕಂದಿನಿಂದ ಮೂರ್ಛೆಗೆ ಮಾತ್ರೆ ನುಂಗುತ್ತಿದ್ದವರು. ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ಅವರ ಜಿ.ಜಿ.ಟಿ. ಹೆಚ್ಚು ಬಂದು, 'ಕುಡಿತ ಬಿಡಲು ಸಲಹೆ ನೀಡಲಾಗಿದೆ' ಎಂಬ ಷರಾ ಅವರ ಕಡತವನ್ನು ಸೇರಿತು. ಆಸಾಮಿ ಕಾಫಿಯನ್ನೂ ಕುಡಿಯುವವರಲ್ಲ. ಆ ಷರಾ ತೆಗೆಸಲು ಅವರು ಎರಡು ವರ್ಷ ಓಡಾಡಿದರು.

ಎಸ್.ಜಿ.ಒ.ಟಿ. ಮತ್ತು ಎಸ್.ಜಿ.ಪಿ.ಟಿ.ಗಳ ಅನುಪಾತ, ಕೆಂಪು ರಕ್ತಕಣಗಳ ಸರಾಸರಿ ಗಾತ್ರ ಇವುಗಳೂ ಪರೀಕ್ಷೆಗೆ ಒಳಗಾದವು. ಎಲ್ಲವುಗಳ ದೋಷವೂ ಒಂದೇ ಬಗೆಯದು.

ಈಗ ಕಥೆಯ ನಾಯಕನನ್ನು ಪರಿಚಯಿಸಬೇಕು. 1946ರಲ್ಲಿ ಅಮೆರಿಕದ ಶೇಡ್ ಮತ್ತು ಕ್ಯಾರೊಲಿನ್ ರಕ್ತದಲ್ಲಿ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಪ್ರೋಟೀನೊಂದನ್ನು ಕಂಡರು. ಮರುವರ್ಷ ಸ್ವೀಡನ್ನಿನ ಹೋಮ್‌ಬರ್ಗ್ ಮತ್ತು ಲಾರೆಲ್ ಅದಕ್ಕೆ ಟ್ರಾನ್ಸ್‌ಫೆರಿನ್ ಎಂದು ಹೆಸರಿಟ್ಟರು. ಕರುಳಿನಿಂದ ಬಂದ ಕಬ್ಬಿಣವನ್ನು ಎಲುಬಿನ ಮಜ್ಜೆಗೆ ಹೊತ್ತೊಯ್ಯುವ ಕೂಲಿಯಾಳು ಇದು. ಒಂದು ಅಣು ಎರಡು ಕಬ್ಬಿಣದ ಪರಮಾಣುಗಳನ್ನು ಹೊರಬಲ್ಲದು. ಇದನ್ನು ತಯಾರಿಸುವುದು ಯಕೃತ್ತು. 679 ಅಮೈನೊ ಆಮ್ಲಗಳ ಸರಪಳಿ ಸಿದ್ಧವಾದ ಮೇಲೆ ಯಕೃತ್ತಿನ ಜೀವಕೋಶ ಅದರ ಎರಡು ಜಾಗಗಳಿಗೆ ಎರಡು ಸಕ್ಕರೆಯ ಕವಲುಗಳನ್ನು ಅಂಟಿಸುತ್ತದೆ. ಪ್ರತಿ ಕವಲಿಗೂ ಸಾಮಾನ್ಯವಾಗಿ ಎರಡು ತುದಿ, ಪ್ರತಿ ತುದಿಯಲ್ಲೂ ಸಯಾಲಿಕ್ ಆಮ್ಲ ಎಂಬ ಸಕ್ಕರೆಯ ಘಟಕ. ಒಂದೊಂದಕ್ಕೂ ಒಂದು ಏಕಮಾನ ಋಣಾವೇಶ. ಹೀಗೆ ಆರೋಗ್ಯವಂತರ ಟ್ರಾನ್ಸ್‌ಫೆರಿನ್ ಅಣುಗಳಲ್ಲಿ ನೂರಕ್ಕೆ ಸುಮಾರು 80ರಷ್ಟು ನಾಲ್ಕು ಸಯಾಲಿಕ್ ಆಮ್ಲಗಳನ್ನು ಹೊತ್ತಿರುತ್ತವೆ. ಎರಡೇ ಇರುವ ಅಣುಗಳು ನೂರಕ್ಕೆ ಎರಡಕ್ಕಿಂತ ಕಡಿಮೆ.

ಸುಮಾರು 80,000 ಅಣುತೂಕದ ಪ್ರೋಟೀನಿನಲ್ಲಿ ಎರಡು ಆವೇಶಗಳ ವ್ಯತ್ಯಾಸವನ್ನು ಹಿಡಿಯುವುದು ಹೇಗೆ? ವಿದ್ಯುತ್‌ಕ್ಷೇತ್ರದಲ್ಲಿ ಪ್ರೋಟೀನುಗಳು ತಮ್ಮ ಆವೇಶಕ್ಕೆ ತಕ್ಕಂತೆ ಬೇರೆ ಬೇರೆ ವೇಗದಲ್ಲಿ ಸರಿಯುವುದನ್ನು ಬಳಸಿಕೊಂಡು ಉಪ್ಸಾಲದ ಆರ್ನೆ ಟಿಸೀಲಿಯಸ್ 1937ರಲ್ಲಿ ರಕ್ತರಸದ ಗ್ಲಾಬ್ಯುಲಿನ್‌ಗಳನ್ನು ಆಲ್ಫಾ, ಬೀಟಾ, ಗಾಮಾ ಎಂದು ಬೇರ್ಪಡಿಸಿದ್ದ. 1948ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಈ ಎಲೆಕ್ಟ್ರೊಫೊರೆಸಿಸ್ ವಿಧಾನ ನಮ್ಮೂರಿಗೆ ತಡವಾಗಿಯೇನೂ ಬರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗದ ಪ್ರಾಧ್ಯಾಪಕರಾಗಿದ್ದ ಕೆ. ವಿ. ಗಿರಿ 1950ರ ದಶಕದಲ್ಲಿ ವೃತ್ತಾಕಾರದ ಕಾಗದ ಕ್ರೊಮ್ಯಾಟೊಗ್ರಫಿಗೂ, ಅಗರ್‌ನ ತೆಳುಪದರದ ಮೇಲೆ ಸೀರಮ್ ಪ್ರೋಟೀನುಗಳನ್ನು ಬೇರ್ಪಡಿಸುವ ಸರಳ ವಿಧಾನಕ್ಕೂ ಹೆಸರಾಗಿದ್ದರು. ಟಿಸೀಲಿಯಸ್‌ನ ಯಂತ್ರ ಒಂದು ಕೋಣೆಯನ್ನೇ ಬೇಡುತ್ತಿದ್ದ ಕಾಲದಲ್ಲಿ ಗಿರಿಯವರ ಅಗರ್ ಪದರ ಸಾಧಾರಣ ಪ್ರಯೋಗಾಲಯಕ್ಕೂ ನಿಲುಕುವಂತಹುದು.

ಆದರೆ ಸಾಮಾನ್ಯ ಎಲೆಕ್ಟ್ರೊಫೊರೆಸಿಸ್‌ಗೆ ಒಂದು ಮಿತಿ ಇದೆ. ಓಟ ದೀರ್ಘವಾದಷ್ಟೂ ಅಣುಗಳು ವಿಸರಣೆಯಿಂದ ಹರಡಿಕೊಳ್ಳುತ್ತವೆ, ಗೆರೆ ಮಸುಕಾಗುತ್ತದೆ. ಇದನ್ನು ಮೀರುವ ಉಪಾಯ ಬಹು ಸೊಗಸಾಗಿದೆ, ತರಗತಿಯಲ್ಲಿ ಹೇಳಲು ತಕ್ಕುದಾಗಿದೆ. ಪ್ರೋಟೀನಿನ ಆವೇಶ ಸುತ್ತಲಿನ ಆಮ್ಲೀಯತೆಯನ್ನು ಅವಲಂಬಿಸಿದೆ. ಒಂದು ನಿರ್ದಿಷ್ಟ ಪಿಎಚ್‌ನಲ್ಲಿ ಅದರ ಒಟ್ಟು ಆವೇಶ ಸೊನ್ನೆ; ಇದೇ ಅದರ ಸಮವಿದ್ಯುತ್ ಬಿಂದು. ಈಗ ಒಂದು ಜೆಲ್ ಪದರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಪಿಎಚ್ ಕ್ರಮವಾಗಿ ಏರುವಂತೆ ಮಾಡಿ, ಆಮ್ಲದ ತುದಿಗೆ ಧನಾಗ್ರವನ್ನೂ ಕ್ಷಾರದ ತುದಿಗೆ ಋಣಾಗ್ರವನ್ನೂ ಕೊಡಿ. ಪ್ರೋಟೀನ್ ತನ್ನ ಬಿಂದುವಿಗಿಂತ ಆಮ್ಲದ ಕಡೆಗೆ ಇದ್ದರೆ ಧನಾವೇಶ ಪಡೆದು ಋಣಾಗ್ರದತ್ತ ಸರಿಯುತ್ತದೆ. ಕ್ಷಾರದ ಕಡೆಗೆ ಇದ್ದರೆ ಋಣಾವೇಶ ಪಡೆದು ಹಿಂದಕ್ಕೆ ಬರುತ್ತದೆ. ಎತ್ತ ಹೋದರೂ ಮತ್ತೆ ತನ್ನ ಜಾಗಕ್ಕೆ. ಬೋಗುಣಿಯ ತಳದಲ್ಲಿರುವ ಗೋಲಿಯ ಹಾಗೆ. ವಿಸರಣೆ ಹೊರಕ್ಕೆ ತಳ್ಳುತ್ತದೆ, ವಿದ್ಯುತ್‌ಬಲ ಒಳಕ್ಕೆ ತರುತ್ತದೆ. ಎರಡೂ ಸರಿದೂಗುವಷ್ಟು ಅಗಲದ ಚೂಪು ಗೆರೆಯೊಂದು ನಿಲ್ಲುತ್ತದೆ. ಕ್ಷೇತ್ರವನ್ನು ನಾಲ್ಕು ಪಟ್ಟು ಮಾಡಿದರೆ ಗೆರೆಯ ಅಗಲ ಅರ್ಧವಾಗುತ್ತದೆ. ಅಗಲ ಕ್ಷೇತ್ರದ ವರ್ಗಮೂಲಕ್ಕೆ ವಿಲೋಮ ಎಂಬುದನ್ನು ಪದವಿ ತರಗತಿಯ ವಿದ್ಯಾರ್ಥಿಗಳು ತಾವೇ ಸಾಧಿಸಿ ನೋಡಬಹುದು.

1954ರಲ್ಲಿ ಅಲೆಕ್ಸಾಂಡರ್ ಕೋಲಿನ್ ಇದನ್ನು ಮಾಡಿ ತೋರಿಸಿದ. ಆದರೆ ಅವನ ಪಿಎಚ್ ಇಳಿಜಾರು ಬಹುಕಾಲ ನಿಲ್ಲುತ್ತಿರಲಿಲ್ಲ. ಸ್ಥಿರ ಇಳಿಜಾರಿನ ಸಿದ್ಧಾಂತವನ್ನು 1961ರಲ್ಲಿ ಬರೆದವನು ಸ್ವೀಡನ್ನಿನ ಹ್ಯಾರಿ ಸ್ವೆನ್ಸನ್. ತನ್ನ ತನ್ನ ಸಮವಿದ್ಯುತ್ ಬಿಂದುವಿನಲ್ಲಿ ತಾನೇ ನಿಂತು ಪಿಎಚ್ಚನ್ನು ಹಿಡಿದಿಡುವ ನೂರಾರು ಚಿಕ್ಕ ಅಣುಗಳ ಮಿಶ್ರಣ ಬೇಕೆಂದು ಅವನು ಹೇಳಿದ. ಅಂತಹ ಮಿಶ್ರಣವನ್ನು ಅದೇ ದಶಕದಲ್ಲಿ ತಯಾರಿಸಿದವನು ಓಲೋಫ್ ವೆಸ್ಟರ್‌ಬರ್ಗ್. ಅದು ಮಾರುಕಟ್ಟೆಗೂ ಬಂದದ್ದರಿಂದ ಐಸೊಎಲೆಕ್ಟ್ರಿಕ್ ಫೋಕಸಿಂಗ್ 1970ರ ದಶಕದಲ್ಲಿ ಆಸ್ಪತ್ರೆಗಳ ಪ್ರಯೋಗಾಲಯವನ್ನೂ ಹೊಕ್ಕಿತು.

ಸ್ಟಾಕ್‌ಹೋಮಿನಲ್ಲಿ ಹೆಲೆನಾ ಸ್ಟಿಬ್ಲರ್ ಎಂಬ ನರವೈದ್ಯೆ ಈ ಹೊಸ ಸಾಧನವನ್ನು ಹಿಡಿದು ಹುಡುಕುತ್ತಿದ್ದುದು ಕುಡಿತವನ್ನಲ್ಲ. ಕೈನಡುಕದ ರೋಗಿಗಳ ಮಿದುಳುಬಳ್ಳಿಯ ದ್ರವದ ಪ್ರೋಟೀನುಗಳಲ್ಲಿ ಏನಾದರೂ ವ್ಯತ್ಯಾಸವಿದೆಯೆ ಎಂದು ನೋಡುವುದು ಅವಳ ಉದ್ದೇಶ. 1976ರಲ್ಲಿ ಅವಳೂ ಸಹೋದ್ಯೋಗಿ ಷೆಲಿನ್‌ನೂ ಪ್ರಕಟಿಸಿದ ಲೇಖನದ ವಿಷಯ ಬೇರೆ ಬೇರೆ ಕಾರಣಗಳ ನಡುಕ. ಕುಡಿತದಿಂದ ನಡುಕ ಬಂದವರಲ್ಲಿ ಟ್ರಾನ್ಸ್‌ಫೆರಿನ್ನಿನ ಒಂದು ಗೆರೆ ಇರಬೇಕಾದ ಜಾಗದಲ್ಲಿರದೆ, ಪಿಎಚ್ 5.7ರ ಬಳಿ ಹೆಚ್ಚುವರಿಯಾಗಿ ಕಾಣಿಸಿತು. ಸಾಮಾನ್ಯ ಟ್ರಾನ್ಸ್‌ಫೆರಿನ್ನಿನ ಸಮವಿದ್ಯುತ್ ಬಿಂದು 5.4. ಕೇವಲ 0.3ರ ಅಂತರ! ಬೇರೆ ಯಾರಾದರೂ ಜೆಲ್‌ನ ದೋಷವೆಂದು ಕೈಬಿಡಬಹುದಾಗಿತ್ತು. 1978ರಲ್ಲಿ ಅವಳು ಮತ್ತು ಸಂಗಡಿಗರು ಇದೇ ಗೆರೆ ಅತಿಯಾಗಿ ಕುಡಿಯುವವರ ರಕ್ತದ ಸೀರಮ್ಮಿನಲ್ಲೂ ಇರುವುದನ್ನು ತೋರಿಸಿದರು. ಕುಡಿತ ನಿಲ್ಲಿಸಿದರೆ ಗೆರೆ ಮೆಲ್ಲಗೆ ಮಾಯವಾಗುತ್ತಿತ್ತು. ಪರೀಕ್ಷೆಗೆ ಮೊದಲು ಸೀರಮ್ಮಿಗೆ ಕಬ್ಬಿಣ ಬೆರೆಸಿ ಎಲ್ಲ ಅಣುಗಳನ್ನೂ ಭರ್ತಿ ಮಾಡುವುದು ಅಗತ್ಯವಾಗಿತ್ತು. ಏಕೆಂದರೆ ಹೊತ್ತ ಕಬ್ಬಿಣದ ಲೆಕ್ಕದಲ್ಲೂ ಆವೇಶ ಬದಲಾಗಿ ಗೆರೆಗಳು ಕಲಸಿಹೋಗುತ್ತವೆ. ಇಂತಹ ಚಿಕ್ಕ ಎಚ್ಚರಗಳಲ್ಲಿಯೇ ಸಂಶೋಧನೆಯ ಗೆಲುವು ಸೋಲು ಅಡಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಗೆರೆ ಕ್ಷಾರದ ಕಡೆಗೆ ಸರಿದಿದೆ ಎಂದರೆ ಋಣಾವೇಶ ಕಡಿಮೆಯಾಗಿದೆ; ಋಣಾವೇಶ ಕಡಿಮೆಯಾಗಿದೆ ಎಂದರೆ ಸಯಾಲಿಕ್ ಆಮ್ಲ ಹೋಗಿದೆ. ಸ್ಟಿಬ್ಲರ್ ಮತ್ತು ಸ್ಟೆಫಾನ್ ಬೋರ್ಗ್ 1980ರ ದಶಕದ ಆರಂಭದಲ್ಲಿ ಇದನ್ನು ದೃಢಪಡಿಸಿದರು. ತುದಿಯ ಸಯಾಲಿಕ್ ಆಮ್ಲ ಮಾತ್ರವಲ್ಲ, ಇಡೀ ಸಕ್ಕರೆಯ ಕವಲೇ ಅಂಟಿಕೊಂಡಿರುವುದಿಲ್ಲ ಎಂಬುದು 1990ರ ದಶಕದಲ್ಲಿ ಸ್ಪಷ್ಟವಾಯಿತು. ಒಂದು ಕವಲು ತಪ್ಪಿದರೆ ನಾಲ್ಕರ ಬದಲು ಎರಡು, ಎರಡೂ ತಪ್ಪಿದರೆ ಸೊನ್ನೆ. ಮದ್ಯಸಾರದಿಂದ ಯಕೃತ್ತಿನಲ್ಲಿ ಹುಟ್ಟುವ ಅಸಿಟಾಲ್ಡಿಹೈಡ್ ಕವಲು ಅಂಟಿಸುವ ಕಿಣ್ವಗಳನ್ನು ತಡೆಯುತ್ತದೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಹೀಗೆ ಸಕ್ಕರೆಯ ಕೊರತೆಯ ಈ ಟ್ರಾನ್ಸ್‌ಫೆರಿನ್ನಿಗೆ ಸಿ.ಡಿ.ಟಿ. ಎಂಬ ಸಂಕ್ಷಿಪ್ತನಾಮ ನಿಂತಿತು.

ಎಷ್ಟು ಕುಡಿದರೆ ಇದು ಏರುತ್ತದೆ? ದಿನಕ್ಕೆ 50ರಿಂದ 80 ಗ್ರಾಂ ಶುದ್ಧ ಮದ್ಯಸಾರ, ಕನಿಷ್ಠ ಒಂದೆರಡು ವಾರ. ನಮ್ಮ ಲೆಕ್ಕಕ್ಕೆ ತರೋಣ. ನೂರಕ್ಕೆ 42.8ರ ವಿಸ್ಕಿ ಅಥವಾ ರಮ್‌ನ 180 ಮಿ.ಲೀ. 'ಕ್ವಾರ್ಟರ್' ಬಾಟಲಿನಲ್ಲಿ 180 × 0.428 × 0.789, ಅಂದರೆ ಸುಮಾರು 61 ಗ್ರಾಂ ಮದ್ಯಸಾರವಿದೆ. (0.789 ಎಂಬುದು ಮದ್ಯಸಾರದ ಸಾಂದ್ರತೆ.) ದಿನಕ್ಕೊಂದು ಕ್ವಾರ್ಟರ್‌ನಂತೆ ಎರಡು ವಾರ ಎಂದಿಟ್ಟುಕೊಳ್ಳಿ. ಹಬ್ಬಕ್ಕೊಮ್ಮೆ ಕುಡಿಯುವವರು ಈ ಪರೀಕ್ಷೆಗೆ ಸಿಕ್ಕುವುದಿಲ್ಲ.

ಕುಡಿತ ನಿಂತ ಮೇಲೆ ಇಳಿಯುವುದು ಮಾತ್ರ ನಮಗೆ ಪರಿಚಿತವಾದ ರೀತಿಯಲ್ಲಿ. ಅರ್ಧಾಯು ಸುಮಾರು ಎರಡು ವಾರ. ಒಬ್ಬರ ಸಹಜ ಮಟ್ಟ ನೂರಕ್ಕೆ 1, ಈಗಿನ ಮಟ್ಟ 5 ಎಂದುಕೊಳ್ಳಿ. ಹೆಚ್ಚುವರಿ 4. ಎರಡು ವಾರದ ಬಳಿಕ ಹೆಚ್ಚುವರಿ 2, ನಾಲ್ಕು ವಾರದ ಬಳಿಕ 1, ಆರು ವಾರದ ಬಳಿಕ 0.5. ವರದಿಯಲ್ಲಿ ಕಾಣುವುದು 3, 2, 1.5. ಚಿಕಿತ್ಸೆ ಪಡೆಯುತ್ತಿರುವವರಿಗೆ ಈ ಇಳಿಯುವ ಗೆರೆ ದೊಡ್ಡ ಆಸರೆ. 'ಬಿಟ್ಟಿದ್ದೇನೆ' ಎಂದರೆ ನಂಬದ ಮನೆಯವರ ಮುಂದೆ ಇಡಲು ಅವರಿಗೊಂದು ಸಾಕ್ಷಿ ದೊರೆಯುತ್ತದೆ. ಜರ್ಮನಿ, ಸ್ವೀಡನ್, ಇಟಲಿಗಳಲ್ಲಿ ಕುಡಿದು ಚಾಲನಾ ಪರವಾನಗಿ ಕಳೆದುಕೊಂಡವರು ಅದನ್ನು ಮರಳಿ ಪಡೆಯುವಾಗ ಈ ಪರೀಕ್ಷೆ ಬಳಕೆಯಾಗುತ್ತದೆ.

ಕಥೆಗೆ ಇಲ್ಲೊಂದು ತಿರುವು. 1980ರಲ್ಲಿ ಬೆಲ್ಜಿಯಮ್ಮಿನ ಮಕ್ಕಳ ವೈದ್ಯ ಯಾಕ್ ಯಾಕೆನ್ ಅವಳಿ ಸಹೋದರಿಯರಿಬ್ಬರ ವಿಚಿತ್ರ ಕಾಯಿಲೆಯನ್ನು ವರದಿ ಮಾಡಿದ. ಬೆಳವಣಿಗೆ ಕುಂಠಿತ, ರಕ್ತದ ಹಲವು ಪ್ರೋಟೀನುಗಳು ಏರುಪೇರು. 1984ರಲ್ಲಿ ಇಂತಹ ಮಕ್ಕಳ ಟ್ರಾನ್ಸ್‌ಫೆರಿನ್ನಿನಲ್ಲಿ ಸಯಾಲಿಕ್ ಆಮ್ಲದ ಕೊರತೆ ಕಂಡಿತು. ಮಹಾ ಕುಡುಕರಲ್ಲಿ ಕಾಣುವ ಗೆರೆಗಳು ಹಾಲುಗಲ್ಲದ ಮಕ್ಕಳಲ್ಲಿ! ಸ್ಟಿಬ್ಲರ್ ಮತ್ತು ಯಾಕೆನ್ ಕೂಡಿ 1990ರಲ್ಲಿ ಇದನ್ನು ಹೊಸ ಆನುವಂಶಿಕ ರೋಗವೆಂದು ವಿವರಿಸಿದರು. 1995ರಲ್ಲಿ ಇದರ ಮೂಲ ಫಾಸ್ಫೊಮ್ಯಾನೊಮ್ಯುಟೇಸ್ ಎಂಬ ಕಿಣ್ವದ ಕೊರತೆ ಎಂದು ತಿಳಿಯಿತು. ಪ್ರೋಟೀನಿಗೆ ಸಕ್ಕರೆ ಅಂಟಿಸುವಲ್ಲಿ ಹುಟ್ಟಿನಿಂದಲೇ ದೋಷವಿರುವ ಇಂತಹ ರೋಗಗಳು ಇಂದು ನೂರೈವತ್ತಕ್ಕೂ ಹೆಚ್ಚು ಗೊತ್ತಾಗಿವೆ. ಅವುಗಳನ್ನು ಶಂಕಿಸಿದಾಗ ಮಾಡುವ ಮೊದಲ ಪರೀಕ್ಷೆಗಳಲ್ಲಿ ಟ್ರಾನ್ಸ್‌ಫೆರಿನ್ನಿನ ಗೆರೆಗಳನ್ನು ನೋಡುವುದೂ ಒಂದು.

ಹಾಗಾದರೆ ಸಿ.ಡಿ.ಟಿ. ಎಂದೂ ತಪ್ಪುವುದಿಲ್ಲವೆ? ತಪ್ಪುತ್ತದೆ, ಮತ್ತು ತಪ್ಪುವ ಬಗೆ ನಮ್ಮ ದೇಶಕ್ಕೆ ಮುಖ್ಯ. ರಕ್ತಹೀನತೆಯಲ್ಲಿ ಕಬ್ಬಿಣ ಕಡಿಮೆಯಾದಾಗ ಯಕೃತ್ತು ಹೆಚ್ಚು ಹೆಚ್ಚು ಟ್ರಾನ್ಸ್‌ಫೆರಿನ್ ತಯಾರಿಸುತ್ತದೆ. ಕೂಲಿ ಕಡಿಮೆಯಾದಾಗ ಆಳುಗಳನ್ನು ಹೆಚ್ಚಿಸಿದ ಹಾಗೆ. ಆಗ ಒಟ್ಟು ಸಿ.ಡಿ.ಟಿ. ಪ್ರಮಾಣವೂ ಏರುತ್ತದೆ. ಆರಂಭದ ಕಿಟ್‌ಗಳು ಒಟ್ಟು ಪ್ರಮಾಣವನ್ನೇ ಅಳೆಯುತ್ತಿದ್ದುದರಿಂದ ಹೆಂಗಸರಿಗೆ ಬೇರೆಯೇ ಮಿತಿ ಹಾಕಬೇಕಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳೊಬ್ಬಳನ್ನು ಹಳೆಯ ಮಾದರಿಯ ಪರೀಕ್ಷೆಗೆ ಒಡ್ಡಿದ್ದರೆ ಏನಾಗುತ್ತಿತ್ತು ಯೋಚಿಸಿ. ಒಟ್ಟು ಟ್ರಾನ್ಸ್‌ಫೆರಿನ್ನಿನಲ್ಲಿ ಇದು ನೂರಕ್ಕೆಷ್ಟು ಎಂದು ಲೆಕ್ಕ ಹಾಕುವ ಈಗಿನ ಕ್ರಮದಿಂದ ಈ ದೋಷ ಬಹಳಷ್ಟು ನಿವಾರಣೆಯಾಗಿದೆ. ಕೆಲವು ಜನಸಮುದಾಯಗಳಲ್ಲಿ ಹುಟ್ಟಿನಿಂದಲೇ ಟ್ರಾನ್ಸ್‌ಫೆರಿನ್ನಿನ ಅಮೈನೊ ಆಮ್ಲವೊಂದು ಬೇರೆಯಾಗಿದ್ದು ಗೆರೆ ಸರಿದಿರುವುದೂ ಉಂಟು. ಗೆರೆಗಳನ್ನು ಕಣ್ಣಿಂದ ನೋಡದೆ ಬರಿಯ ಸಂಖ್ಯೆ ಕೊಡುವ ವಿಧಾನ ಇಲ್ಲಿ ಮೋಸಹೋಗಬಹುದು.

ಇನ್ನೊಂದು ತಪ್ಪು ಪ್ರಯೋಗಾಲಯದ್ದಲ್ಲ, ಗಣಿತದ್ದು. 1991ರಲ್ಲಿ ಸ್ಟಿಬ್ಲರ್ ಬರೆದ ವಿಮರ್ಶಾ ಲೇಖನದಲ್ಲಿ ಅತಿಯಾಗಿ ಕುಡಿಯುವ ನೂರು ಜನರಲ್ಲಿ 82 ಜನರನ್ನು ಪರೀಕ್ಷೆ ಹಿಡಿಯುತ್ತದೆ, ಕುಡಿಯದ ನೂರರಲ್ಲಿ 97 ಜನರನ್ನು ಸರಿಯಾಗಿ ಬಿಡುತ್ತದೆ ಎಂದಿತ್ತು. ಆಗ ಪರೀಕ್ಷೆಗೆ ಬಂದ ಬಹುಪಾಲು ಜನ ಆಸ್ಪತ್ರೆ ಸೇರಿದ ತೀವ್ರ ವ್ಯಸನಿಗಳು. ಸಾಮಾನ್ಯ ಜನರ ನಡುವೆ ಬಂದಾಗ ಮೊದಲ ಸಂಖ್ಯೆ ಸಾಕಷ್ಟು ಇಳಿಯಿತು. 60 ಎಂದುಕೊಂಡು ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಸಾವಿರ ನೌಕರರ ಕಂಪನಿಯಲ್ಲಿ 50 ಜನ ಅತಿಯಾಗಿ ಕುಡಿಯುವವರು. ಪರೀಕ್ಷೆ ಅವರಲ್ಲಿ 30 ಜನರನ್ನು ಹಿಡಿಯುತ್ತದೆ. ಉಳಿದ 950 ಜನರಲ್ಲಿ ನೂರಕ್ಕೆ ಮೂವರಂತೆ ಸುಮಾರು 29 ನಿರಪರಾಧಿಗಳನ್ನೂ ಹಿಡಿಯುತ್ತದೆ. ಸಿಕ್ಕಿಬಿದ್ದ 59 ಜನರಲ್ಲಿ ಅರ್ಧದಷ್ಟು ಜನ ಏನೂ ಮಾಡದವರು! ಇದೇ ಪರೀಕ್ಷೆಯನ್ನು 800 ಜನ ವ್ಯಸನಿಗಳಿರುವ ಸಾವಿರ ರೋಗಿಗಳಿಗೆ ಮಾಡಿದರೆ 480 ಜನ ಸರಿಯಾಗಿಯೂ 6 ಜನ ತಪ್ಪಾಗಿಯೂ ಸಿಕ್ಕುತ್ತಾರೆ. ಪರೀಕ್ಷೆ ಅದೇ, ಉಪಕರಣ ಅದೇ. ಎಲ್ಲಿ ಹಿಡಿದಿರಿ ಎಂಬುದಷ್ಟೇ ಬೇರೆ. ಚಿಕಿತ್ಸಾಲಯದಲ್ಲಿ ಇಷ್ಟು ಉಪಯುಕ್ತವಾದ ಅಳತೆಯನ್ನು ಕೆಲಸಕ್ಕೆ ತೆಗೆದುಕೊಳ್ಳುವ ಜರಡಿಯಾಗಿ ಬಳಸಬಾರದೆಂದು ನಾನು ಹೇಳುವುದು ಈ ಕಾರಣಕ್ಕೆ.

ಒಂದು ಪ್ರಯೋಗಾಲಯದ 2 ಇನ್ನೊಂದರ 3 ಆಗುವ ತೊಡಕೂ ಇತ್ತು. ಅಂತಾರಾಷ್ಟ್ರೀಯ ಕ್ಲಿನಿಕಲ್ ರಸಾಯನಶಾಸ್ತ್ರ ಒಕ್ಕೂಟ 2005ರಲ್ಲಿ ಇದಕ್ಕೊಂದು ಕಾರ್ಯತಂಡ ನೇಮಿಸಿತು. ಎರಡು ಸಯಾಲಿಕ್ ಆಮ್ಲಗಳಿರುವ ರೂಪವನ್ನು ಮಾತ್ರ ಅಳೆಯಬೇಕು, ದ್ರವ ಕ್ರೊಮ್ಯಾಟೊಗ್ರಫಿಯ ಒಂದು ವಿಧಾನ ಎಲ್ಲಕ್ಕೂ ಪ್ರಮಾಣವಾಗಿರಬೇಕು ಎಂದು ಆ ತಂಡ ಗೊತ್ತುಮಾಡಿತು. ಮೀಟರು, ಕಿಲೋಗ್ರಾಂಗಳಿಗೆ ನಾವು ಮಾಡಿಕೊಂಡ ವ್ಯವಸ್ಥೆಯೇ ಇದು.

ಇತ್ತೀಚಿನ ವರ್ಷಗಳಲ್ಲಿ ಈ ಪ್ರೋಟೀನಿಗೊಂದು ಪ್ರತಿಸ್ಪರ್ಧಿ ಬಂದಿದೆ. ಲುಂಡ್‌ನ ಆಲಿಂಗ್ ಮತ್ತು ಸಂಗಡಿಗರು 1983ರಲ್ಲಿ, ಮದ್ಯಸಾರ ಕೊಟ್ಟ ಇಲಿಗಳ ಅಂಗಗಳಲ್ಲಿ ಅಪರಿಚಿತ ಫಾಸ್ಫೊಲಿಪಿಡ್ ಒಂದನ್ನು ಕಂಡರು. ಅದು ಫಾಸ್ಫಟಿಡೈಲ್ ಎಥನಾಲ್. ಜೀವಕೋಶದ ಪೊರೆಯಲ್ಲಿ ನೀರನ್ನು ಬಳಸಬೇಕಾದ ಕಿಣ್ವವೊಂದು ಮದ್ಯಸಾರ ಸಿಕ್ಕಾಗ ಅದನ್ನೇ ಬಳಸಿ ಇದನ್ನು ತಯಾರಿಸುತ್ತದೆ. ಮದ್ಯಸಾರವಿಲ್ಲದೆ ಇದು ಹುಟ್ಟುವಂತಿಲ್ಲ. ಯಕೃತ್ತಿನ ರೋಗಕ್ಕೂ ಮೂರ್ಛೆಯ ಮಾತ್ರೆಗೂ ಇದು ಏರುವುದಿಲ್ಲ. ಕೆಂಪು ರಕ್ತಕಣಗಳಲ್ಲಿ ಎರಡರಿಂದ ನಾಲ್ಕು ವಾರ ಉಳಿದಿರುತ್ತದೆ. ಕಾಗದದ ಮೇಲೆ ಒಣಗಿಸಿದ ಒಂದು ಹನಿ ರಕ್ತ ಸಾಕು. ಆದರೆ ಅಳೆಯಲು ದ್ರವ್ಯರಾಶಿ ರೋಹಿತಮಾಪಕ ಬೇಕು. ಸ್ಟಿಬ್ಲರಳ ಜೆಲ್ ಪದರದಷ್ಟು ಅಗ್ಗವಲ್ಲ.